ಟ್ಯಾಂಕಿನ ಮುಚ್ಚಳವೂ ಅತ್ತೆಯ ಹೊಟ್ಟೆಯೂ

ಪೆಟ್ರೋಲ್ ಬಂಕಿನಲ್ಲಿ ನಾನು ಕಾರಿನಿಂದ ಇಳಿದು, ಟ್ಯಾಂಕಿನ ಮುಚ್ಚಳವನ್ನು ಕೈಯಾರೆ ಬಿಚ್ಚಿ, ಪೆಟ್ರೋಲ್ ತುಂಬುವಷ್ಟು ಹೊತ್ತೂ ಅದನ್ನು ಪ್ರಸಾದದ ಹಾಗೆ ಅಂಗೈಯಲ್ಲಿ ಹಿಡಿದು ನಿಂತಿರುತ್ತೇನೆ. ಕಡೂರಿನ ಬಂಕಿನವರಿಗೆ ಇದು ರೂಢಿಯಾಗಿದೆ. ಹೊಸಬರಿದ್ದರೆ, ಕೊಡಿ ಮೇಡಂ ನಾವೇ ಹಾಕ್ತೀವಿ ಎಂದು ಕೈ ಚಾಚುತ್ತಾರೆ. ನಾನು ಕೊಡುವುದಿಲ್ಲ. ಮೀಟರಿನಲ್ಲಿ ಸೊನ್ನೆ ನೋಡಿ ಎನ್ನುತ್ತಾರೆ, ನೋಡುತ್ತೇನೆ. ಆದರೆ ಎಲ್ಲರೂ ಸೊನ್ನೆಯನ್ನೇ ನೋಡುತ್ತಿರುವಾಗ ಮುಚ್ಚಳ ಕಳೆದುಹೋಗುತ್ತದೆ ಎಂಬುದು ನನ್ನ ಅನುಭವ.

ಪಾಪ, ಮುಚ್ಚಳಕ್ಕೆ ಎಲ್ಲೂ ಮರ್ಯಾದೆಯಿಲ್ಲ. ಆ ಹೆಸರು ಬಂದ ಕ್ರಿಯಾಪದವೇ ಅಂಥದ್ದು. ಬಾಯಿ ಮುಚ್ಚು, ಶಾಲೆ ಮುಚ್ಚಿತು, ಹಗರಣ ಮುಚ್ಚಿಹಾಕಿದರು, ಅಜ್ಜ ಕಣ್ಣು ಮುಚ್ಚಿದರು. ಒಂದಾದರೂ ಶುಭವಾರ್ತೆ ಉಂಟೇ? ನಮ್ಮ ಮನೆಯಲ್ಲಂತೂ ಯಾವ ಡಬ್ಬಿಯ ಮೇಲೆ ಯಾವ ಮುಚ್ಚಳ ಕೂತಿದೆ ಎನ್ನುವುದು ಆಯಾ ದಿನದ ಅದೃಷ್ಟ. ನಮ್ಮ ಯಜಮಾನರು ಉಪ್ಪಿನಕಾಯಿ ಜಾಡಿಯ ಮೇಲೆ ಮುಚ್ಚಳವನ್ನು ಸುಮ್ಮನೆ ಇಟ್ಟು ಹೋಗುತ್ತಾರೆ, ತಿರುಗಿಸುವುದಿಲ್ಲ. ಮನೆಯಲ್ಲಿ ಮುಚ್ಚಳವನ್ನು ಸರಿಯಾಗಿ ತೆಗೆದು ಸರಿಯಾಗಿ ಹಾಕುವವರು ಅತ್ತೆಯೊಬ್ಬರೇ. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಬೆಳ್ಳಿ ಕರಡಿಗೆಯನ್ನು ತೆರೆದು, ಲಿಂಗಪೂಜೆ ಮುಗಿಸಿ, ಮತ್ತೆ ಮುಚ್ಚಿ ಬೆರಳಿಂದ ಒಮ್ಮೆ ಒತ್ತಿ ನೋಡುತ್ತಾರೆ. ಅವರು ಮಾತನ್ನೂ ಹಾಗೆಯೇ ಮುಚ್ಚಿಡಬಲ್ಲರು ಎಂದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮದು ಹಳೆಯ ಸಣ್ಣ ಕಾರು. ಯಜಮಾನರು ಸ್ಕೂಟರಿನ ಮನುಷ್ಯ, ಕಾರು ಓಡಿಸುವುದು ನಾನೇ. ಐವತ್ತು ದಾಟಿದ ಮೇಲೆ, ಬೇಡ ಬೇಡ ಎಂದವರ ಎದುರೇ ಹಟ ಹಿಡಿದು ಕಲಿತೆ. ಕಲಿತ ಹೊಸದರಲ್ಲಿ ಎಲ್ಲರನ್ನೂ ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೊರಟೆ. ತರೀಕೆರೆಯಲ್ಲಿ ಪೆಟ್ರೋಲ್ ಹಾಕಿಸಿದೆವು. ಬಂಕಿನವನು ಮುಚ್ಚಳವನ್ನು ಕಾರಿನ ತಲೆಯ ಮೇಲಿಟ್ಟ, ನಾವು ಸೊನ್ನೆ ನೋಡಿದೆವು, ಹೊರಟೆವು. ಲಿಂಗದಹಳ್ಳಿಯಲ್ಲಿ ಕಾಫಿಗೆ ಇಳಿದಾಗ ನೋಡಿದರೆ ಟ್ಯಾಂಕು ಬಾಯಿ ಬಿಟ್ಟುಕೊಂಡಿತ್ತು. ಹಿಂದಕ್ಕೆ ಹೋಗಿ ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ. ಒರೆಸುವ ಬಟ್ಟೆಯನ್ನು ಉಂಡೆ ಮಾಡಿ ತುರುಕಿ ಘಟ್ಟ ಹತ್ತಿಸಿದೆ. ಇಂಥ ಕೆಲಸವನ್ನು ಯಾರೂ ಮಾಡಬಾರದು ಎಂದು ಈಗ ಊರಿಗೆಲ್ಲ ಉಪದೇಶ ಮಾಡುತ್ತೇನೆ. ಅರ್ಧ ಘಟ್ಟದಲ್ಲಿ ಅತ್ತೆ ಕಾರು ನಿಲ್ಲಿಸಲು ಹೇಳಿ ಇಳಿದು ವಾಂತಿ ಮಾಡಿದರು. ಏನಾಯಿತೆಂದು ಕೇಳಿದರೆ, ಪೆಟ್ರೋಲ್ ವಾಸನೆ ಎಂದರು.

ಸರಿ, ಹೊಸ ಮುಚ್ಚಳ ತಂದೆ. ಆಮೇಲೂ ಅತ್ತೆ ಕಾರು ಹತ್ತಿದಾಗಲೆಲ್ಲ ಹೊಟ್ಟೆ ತೊಳಸುತ್ತಿತ್ತು. ಬೀರೂರು ದಾಟುವುದರೊಳಗೆ ಮುಖ ಬಿಳಿಚಿಕೊಳ್ಳುತ್ತಿತ್ತು. ಕೇಳಿದರೆ ಅದೇ ಉತ್ತರ, ಪೆಟ್ರೋಲ್ ವಾಸನೆ. ಕೊನೆಗೆ ಅವರು ಕಾರಿನ ಸಹವಾಸವನ್ನೇ ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದರು. ಬಸ್ಸಿನ ಹೊಗೆಯಲ್ಲಿ ಅವರಿಗೆ ಏನೂ ಆಗುತ್ತಿರಲಿಲ್ಲ. ಅದು ಡೀಸೆಲ್, ಇದು ಪೆಟ್ರೋಲ್, ಎರಡರ ಗುಣವೇ ಬೇರೆ ಎಂದು ವಿಜ್ಞಾನದ ಮೇಡಂ ಆದ ನಾನು ಮನೆಯವರಿಗೆಲ್ಲ ವಿವರಿಸಿದೆ.

ಈ ವರ್ಷ ಅತ್ತೆಯ ಮಂಡಿ ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಲಾಗದು, ರೈಲಿನದು ಇನ್ನೂ ಎತ್ತರ. ಅಜ್ಜಂಪುರದಲ್ಲಿ ಅವರ ತಂಗಿ, ನಮ್ಮ ಚಿಕ್ಕತ್ತೆ, ಇದ್ದಾರೆ. ಅವರಿಗೆ ಕಿವಿ ಮಂದ. ಫೋನಿನಲ್ಲಿ ಅಕ್ಕ ಊಟವಾಯಿತಾ ಎಂದರೆ ತಂಗಿ ಮಳೆ ಬಂತು ಎನ್ನುತ್ತಾರೆ. ಎದುರು ಕೂತು ತುಟಿ ನೋಡಿದರೆ ಮಾತ್ರ ಅವರ ಮಾತುಕತೆ ನಡೆಯುವುದು. ಅಂದರೆ ಅತ್ತೆ ಕಾರು ಹತ್ತದಿದ್ದರೆ ಅಕ್ಕತಂಗಿಯರ ಮಾತು ಅಲ್ಲಿಗೆ ನಿಂತ ಹಾಗೆ. ಒಂದು ಸಂಜೆ ಫೋನು ಕೆಳಗಿಟ್ಟು, ಅವಳಿಗೆ ಏನೂ ಕೇಳಲಿಲ್ಲ ಬಿಡು ಎಂದು ಅತ್ತೆ ಒಳಗೆ ಹೋದರು. ನನಗೆ ಸಂಕಟವಾಯಿತು. ಏನಾದರಾಗಲಿ, ಇವರನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋಗಿಯೇ ತೀರುತ್ತೇನೆ, ಒಂದು ಹನಿ ವಾಸನೆಯೂ ಕಾರಿನೊಳಗೆ ಬರಕೂಡದು ಎಂದು ತೀರ್ಮಾನಿಸಿದೆ.

ಮುಚ್ಚಳವನ್ನು ಬಿಚ್ಚಿ ಊಟದ ಮೇಜಿನ ಮೇಲಿಟ್ಟುಕೊಂಡು ಕೂತೆ. ಅಂಚಿನ ಧೂಳನ್ನು ಒರೆಸಿದೆ. ಒಳಗಿನ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಇಲ್ಲಿಗೆ ನಿಲ್ಲಿಸಿದ್ದರೆ ಅದು ಆರೈಕೆ ಎನಿಸಿಕೊಳ್ಳುತ್ತಿತ್ತು. ಆದರೆ ಹಟಕ್ಕೆ ನಿಲ್ಲುವುದು ಗೊತ್ತಿಲ್ಲವಲ್ಲ. ಹೊಸ ರಬ್ಬರಿನ ಮೇಲೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಇನ್ನೊಂದು ಬಳೆ ಕೂರಿಸಿದೆ. ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಒಂದು ತೂತು ಕಂಡಿತು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು, ನಲ್ಲಿ ಸೋರಿದರೆ ಕಲಸಿ ಹಚ್ಚುವ ಅಂಟನ್ನು ಅದಕ್ಕೆ ಮೆತ್ತಿದೆ. ಮಾರನೆಯ ದಿನ ಮೂಗನ್ನು ಟ್ಯಾಂಕಿಗೇ ಹಚ್ಚಿ ನೋಡಿದರೂ ವಾಸನೆಯಿಲ್ಲ. ಅತ್ತೆಗೂ ಮೂಸಿಸಿದೆ. ಅವರು ನನ್ನನ್ನೊಮ್ಮೆ, ಮುಚ್ಚಳವನ್ನೊಮ್ಮೆ ನೋಡಿ, ಇಷ್ಟು ಮಾಡಿದೀಯಲ್ಲ, ನಡಿ ಎಂದು ಒಪ್ಪಿದರು.

ಬೀರೂರು ದಾಟುವ ತನಕ ಕಾರು ಹೂವಿನ ಹಾಗೆ ಓಡಿತು. ಅಜ್ಜಂಪುರದ ರಸ್ತೆಗೆ ತಿರುಗಿ, ಎರಡೂ ಕಡೆ ಈರುಳ್ಳಿ ಹೊಲ ಶುರುವಾಗುವ ಹೊತ್ತಿಗೆ ಎಂಜಿನ್ ಕೆಮ್ಮಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದವರ ಹಾಗೆ ಹೊರಟಿತು. ತುಸು ದೂರ ಹೋಗಿ ಮತ್ತೆ ನಿಂತಿತು. ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ನಿಧಾನಿಸಿ, ಪೆಟ್ರೋಲ್ ಐತಾ ನೋಡ್ರಕ್ಕ ಎಂದು ಹೇಳಿ ಮುಂದೆ ಹೋದರು. ಟ್ಯಾಂಕ್ ತುಂಬಿಸಿದ್ದು ನಾನೇ. ಆದರೂ ನೋಡೋಣವೆಂದು ಇಳಿದು ಮುಚ್ಚಳ ತಿರುಗಿಸಿದರೆ ಅದು ಕಚ್ಚಿ ಕೂತಿತ್ತು. ಸೆರಗನ್ನು ಸುತ್ತಿಕೊಂಡು, ಬಲ ಹಾಕಿ ತಿರುಗಿಸಿದೆ. ಟ್ಯಾಂಕು ಉಸ್ಸೆಂದು ದೀರ್ಘವಾಗಿ ಉಸಿರೆಳೆದುಕೊಂಡಿತು.

ಆ ಸದ್ದಿನಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ಪೆಟ್ರೋಲ್ ಖರ್ಚಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು, ಬರದಿದ್ದರೆ ಪೆಟ್ರೋಲ್ ಮುಂದಕ್ಕೆ ಹರಿಯುವುದಿಲ್ಲ. ಆ ತೂತು ಇದ್ದದ್ದೇ ಅದಕ್ಕೆ. ಗಾಳಿಯ ಒತ್ತಡದ ಪಾಠವನ್ನು ವರ್ಷಾವರ್ಷ ಮಾಡಿದವಳು ನಾನು. ಎಣ್ಣೆ ಡಬ್ಬಕ್ಕೆ ಎರಡು ತೂತು ಏಕೆ ಎಂಬ ಪ್ರಶ್ನೆ ಕೊಟ್ಟು, ಉತ್ತರ ಬರೆಯದವರ ಅಂಕ ಕಳೆದವಳು ನಾನು. ಮುಚ್ಚಳದ ಕೆಲಸ ಮುಚ್ಚುವುದು ಎಂದಷ್ಟೇ ತಿಳಿದಿದ್ದೆ. ಧೂಳು, ನೀರನ್ನು ಹೊರಗಿಟ್ಟು ಗಾಳಿಯನ್ನಷ್ಟೇ ಒಳಬಿಡುವ ವಿವೇಕ ಅದಕ್ಕಿತ್ತು, ನನಗಿರಲಿಲ್ಲ.

ಅತ್ತೆಯ ಬಳೆಯಲ್ಲಿ ಸದಾ ಪಿನ್ನುಗಳ ಗೊಂಚಲು ಇರುತ್ತದೆ. ಒಂದನ್ನು ಇಸಿದುಕೊಂಡು ಅಂಟು ಕೆರೆದು ತೂತು ಬಿಡಿಸಿದೆ. ಕಾರು ಹೊರಟಿತು. ಆದರೆ ನನ್ನ ಜೀವ ಅರ್ಧವಾಗಿತ್ತು. ಇನ್ನು ವಾಸನೆ ಬರುತ್ತದೆ, ಚಿಕ್ಕತ್ತೆಯ ಮನೆ ಬಾಗಿಲಲ್ಲಿ ಇವರು ಸುಸ್ತಾಗಿ ಇಳಿಯುತ್ತಾರೆ, ಮತ್ತೆ ಎಂದೂ ಕಾರು ಹತ್ತುವುದಿಲ್ಲ. ವಾಸನೆ ಬಂದರೆ ಹೇಳಿ ಅತ್ತೆ, ನಿಲ್ಲಿಸುತ್ತೇನೆ ಎಂದು ಮತ್ತೆ ಮತ್ತೆ ಹೇಳಿದೆ. ಅತ್ತೆ ನನ್ನ ಕಡೆ ತಿರುಗಿದರು.

"ವಾಸನೆ ಯಾವತ್ತೂ ಬಂದಿಲ್ಲ ಕಣೇ ಗಿರಿಜಾ. ನೀನು ಬ್ರೇಕ್ ಒತ್ತೋದು, ಬಿಡೋದು, ಒತ್ತೋದು, ಬಿಡೋದು. ಅದಕ್ಕೇ ನಂಗೆ ಹೊಟ್ಟೆ ತೊಳಸೋದು."

"ಮತ್ತೆ ಪೆಟ್ರೋಲ್ ಅಂದ್ರಲ್ಲ?"

"ಅಷ್ಟು ಆಸೆಪಟ್ಟು ಕಲ್ತಿದ್ದೆ. ಹೆಂಗೆ ಹೇಳ್ಲಿ? ಅವತ್ತು ಟ್ಯಾಂಕಿಗೆ ಬಟ್ಟೆ ತುರುಕಿದ್ಯಲ್ಲ, ತಪ್ಪೆಲ್ಲ ಅದ್ರ ಮೇಲೆ ಹಾಕ್ಬಿಟ್ಟೆ."

ನನಗೆ ಮೊದಲು ಅವಮಾನವಾಯಿತು, ಆಮೇಲೆ ಸಿಟ್ಟು ಬಂತು, ಈರುಳ್ಳಿ ಹೊಲ ಮುಗಿಯುವಷ್ಟರಲ್ಲಿ ನಗು ಬಂತು. ಇಷ್ಟು ದಿನ ನನ್ನ ಮನಸ್ಸಿಗೆ ನೋವಾಗದಿರಲಿ ಎಂದು ಈ ಹೆಂಗಸು ವಾಂತಿ ಮಾಡಿಕೊಂಡು, ಆರೋಪವನ್ನೆಲ್ಲ ಪೆಟ್ರೋಲಿನ ಮೇಲೆ ಹೊರಿಸಿ, ಬಸ್ಸು ಹತ್ತಿ ಇಳಿದಿದ್ದಾರೆ. ನಾನೋ ಮುಚ್ಚಳದ ಬೆನ್ನು ಹತ್ತಿದ್ದೆ. ಹಟ ನನಗೆ ಹೋಗುವ ಗುಣವಲ್ಲ. ಅದನ್ನು ಮುಚ್ಚಳದಿಂದ ತೆಗೆದು ಕಾಲಿನ ಕಡೆಗೆ ತಿರುಗಿಸಿದೆ. ಬ್ರೇಕಿನ ಮೇಲೆ ಪಾದವನ್ನು ಮಲಗಿದ ಮಗುವಿನ ಮೇಲೆ ಕೈಯಿಡುವಂತೆ ಇಟ್ಟೆ. ಹಂಪ್ ಬರುವುದು ದೂರದಿಂದಲೇ ಕಾಣುತ್ತದೆ, ಅದು ಹತ್ತಿರ ಬಂದ ಮೇಲೆಯೇ ಗಾಬರಿಯಾಗಬೇಕಿಲ್ಲ ಎಂಬುದು ಅಂದು ತಿಳಿಯಿತು. ಎತ್ತಿನ ಗಾಡಿ ಮಾತ್ರ ನಮ್ಮನ್ನು ಹಿಂದೆ ಹಾಕಲಿಲ್ಲ ಎಂಬುದಷ್ಟೇ ನನ್ನ ಹೆಮ್ಮೆ. ಅತ್ತೆ ಕಣ್ಣು ಮುಚ್ಚಿದರು. ನಾನು ಹೆದರಿ ನೋಡಿದರೆ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಚಿಕ್ಕತ್ತೆ ಗೇಟಿನಲ್ಲೇ ಕಾದಿದ್ದರು. ಅಕ್ಕನ ಕೈಹಿಡಿದು ಇಳಿಸಿಕೊಂಡು, ಅವರಿಗೆ ಅಭ್ಯಾಸವಾದ ಏರುದನಿಯಲ್ಲಿ, ವಾಂತಿ ಆಯ್ತೇನೇ ಎಂದು ಕೇಳಿದರು. ಓಣಿಯವರೆಲ್ಲ ತಿರುಗಿ ನೋಡಿದರು. ನಾನು ಚೀಲ ಇಳಿಸುವ ನೆಪದಲ್ಲಿ ಡಿಕ್ಕಿಯೊಳಗೆ ತಲೆ ಹಾಕಿದೆ. ಅತ್ತೆ ತಂಗಿಗೆ ತುಟಿ ಕಾಣುವಂತೆ ಎದುರು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಇಲ್ಲ ಕಣೇ. ಇವತ್ತು ಪೆಟ್ರೋಲ್ ಚೆನ್ನಾಗಿತ್ತು."