ಅದುಮಿ ತುಂಬಿದ ಬಟ್ಟಲು

ಅತ್ತೆಗೆ ಹೃದಯದ ಕವಾಟ ಬದಲಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಿರಲು ದಿನಾ ಒಂದು ಗುಳಿಗೆ. ಗದ್ವಾಲದ ಡಾಕ್ಟರು ಒತ್ತಿ ಹೇಳಿದ್ದರು: ಸೊಪ್ಪು ತಿನ್ನಲಿ, ಆದರೆ ದಿನಾ ಒಂದೇ ಅಳತೆ. ಹೆಚ್ಚಾದರೆ ಗುಳಿಗೆ ಕೆಲಸ ಮಾಡುವುದಿಲ್ಲ, ಕಡಿಮೆಯಾದರೆ ರಕ್ತ ಒಸರುತ್ತದೆ. ನಮ್ಮ ಮಕ್ತಲ್ ಮನೆಯಲ್ಲೋ ಹಸಿ ಮೆಂತ್ಯದ ಪಚಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ದಿನಕ್ಕೊಂದು ಸ್ಟೀಲಿನ ಬಟ್ಟಲು ಸೊಪ್ಪು ಎಂದು ನಾನೇ ಗೊತ್ತು ಮಾಡಿದೆ. ಬಟ್ಟಲು ಅದೇ ಇರುವಾಗ ಅಳತೆ ತಪ್ಪುವುದೆಲ್ಲಿ? ಎಂಥ ಧಿಮಾಕು ನನಗೆ!

ನಾನು ನಾರಾಯಣಪೇಟೆಯ ಶಾಲೆಗೆ ಬೆಳಗಿನ ಬಸ್ಸು ಹಿಡಿಯುವವಳು. ಬಟ್ಟಲು ತುಂಬಿಕೊಳ್ಳುತ್ತಿದ್ದವರು ಅತ್ತೆಯೇ. ದಸರಾ ರಜೆಗೆ ಮುಂಚೆ ತಪಾಸಣೆಗೆ ಹೋದಾಗ, ರಕ್ತ ಇನ್ನೂ ಬೇಗ ಹೆಪ್ಪುಗಟ್ಟುತ್ತಿದೆ, ಸೊಪ್ಪು ಹೆಚ್ಚಾಯಿತೇ ಎಂದು ಡಾಕ್ಟರು ಕೇಳಿದರು. "ಇಲ್ಲ ಸಾರ್, ದಿನಾ ಒಂದೇ ಬಟ್ಟಲು," ಎಂದೆ ಎದೆಯುಬ್ಬಿಸಿ. ಅವರು ಗುಳಿಗೆ ಹೆಚ್ಚಿಸಿದರು.

ರಜೆಯಲ್ಲಿ ಅಡುಗೆಮನೆ ನನ್ನ ಕೈಗೆ ಬಂತು, ಬಟ್ಟಲೂ ಬಂತು. ಎಂಟನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಅತ್ತೆಯ ಕೂಗು.

"ಯವ್ವಾ, ಬಾಯಾಗ ರಕ್ತ ನಿಂದ್ರವಲ್ದು, ನೋಡ ಬಾ!"

ಉಗುಳಿದ ನೀರೆಲ್ಲ ಕೆಂಪು. ತೋಳಿನಲ್ಲಿ ಅಂಗೈಯಗಲ ನೀಲಿ ಕಲೆ. ಡಾಕ್ಟರಿಗೆ ಫೋನ್ ಹಚ್ಚಿದರೆ, ಗುಳಿಗೆ ನಿಲ್ಲಿಸಿ, ತಕ್ಷಣ ಕರೆತನ್ನಿ, ಊಟದಲ್ಲಿ ಏನು ಬದಲಾಗಿದೆ ಎಂದು ಸರಿಯಾಗಿ ನೋಡಿ ಹೇಳಿ ಎಂದರು. ಏನೂ ಬದಲಾಗಿಲ್ಲವಲ್ಲ ದೇವರೇ! ಅದೇ ಬಟ್ಟಲು, ಅದೇ ಮೆಂತ್ಯ!

ಆಟೋಕ್ಕೆ ಕಾಯುತ್ತ ಕೂತ ಅತ್ತೆ ಬಾಯಿಂದ ಸೆರಗು ತೆಗೆದು ಗೊಣಗಿದರು. "ನಿಂದೂ ಒಂದು ಬಟ್ಟಲೇನು? ಅದರಾಗ ಬರೇ ಗಾಳಿ ಐತಿ. ನಾ ಮುಷ್ಟಿಲೆ ಅದುಮಿ ಅದುಮಿ ತುಂಬ್ತಿದ್ದೆ."

ಪಕ್ಕದ ಕಿರಾಣಿ ಅಂಗಡಿಗೆ ಓಡಿ ತಕ್ಕಡಿ ಎತ್ತಿಕೊಂಡು ಬಂದೆ. ನಾನು ತುಂಬುವಂತೆ ಸಡಿಲವಾಗಿ ತುಂಬಿ ತೂಗಿದೆ: ಇಪ್ಪತ್ತೈದು ಗ್ರಾಂ. ಮುಷ್ಟಿಯಿಂದ ಅದುಮಿ ತುಂಬಿದೆ: ಎಪ್ಪತ್ತು! ಗುಳಿಗೆ ಹೆಚ್ಚಿದ ಬೆನ್ನಲ್ಲೇ ನಾನು ಸೊಪ್ಪನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ದೆ.

"ಮೊದಲ ಯಾಕ ಹೇಳಲಿಲ್ರೀ ಅತ್ತಿ?" ಎಂದು ಕಿರುಚಿಬಿಟ್ಟೆ.

"ಕೈಯಾರೆ ಮಾಡಿ ಹಾಕೋ ಸೊಸಿಗೆ, ನಿನ್ನ ಕೈ ಬಿಗಿ ಅಂತ ಹೆಂಗ ಹೇಳ್ಲೆವ್ವಾ?"

ನಮ್ಮ ಕಡೆ ಸಡಿಲ ತುಂಬಿ ಬಡಿಸುವುದು ಜಿಪುಣರ ಲಕ್ಷಣ. ಎಂಟು ದಿನ ನನ್ನನ್ನು ಜಿಪುಣಿ ಎಂದುಕೊಂಡೇ, ಮರ್ಯಾದೆಗೆ ಬಾಯಿ ಮುಚ್ಚಿಕೊಂಡು ಉಂಡಿದ್ದರು. ಗದ್ವಾಲ ಮುಟ್ಟುವವರೆಗೆ ಟವೆಲ್ಲು ನಾಲ್ಕು ಸಲ ಮಡಚಿದೆ, ನಾಲ್ಕು ಸಲವೂ ಕೆಂಪಾಯಿತು. ಡಾಕ್ಟರ ಮುಂದೆ ಆ ಎರಡು ಅಂಕಿ ಹೇಳುವಾಗ ನಾಚಿಕೆಯಿಂದ ಸತ್ತುಹೋದೆ. ಅವರು ಬಯ್ಯಲಿಲ್ಲ, ಇಂಜೆಕ್ಷನ್ ಕೊಟ್ಟು ಮೂರು ದಿನ ಇಟ್ಟುಕೊಂಡರು. ರಕ್ತ ನಿಂತಿತು.

ಈಗ ಒಲೆಯ ಪಕ್ಕ ತಕ್ಕಡಿಯಿದೆ. ಅತ್ತೆ ತಮ್ಮ ಸೊಪ್ಪನ್ನು ಗೊಣಗುತ್ತಲೇ ಎಲೆಯೆಲೆ ಎಣಿಸಿದಂತೆ ತೂಗಿಕೊಳ್ಳುತ್ತಾರೆ. ಆಮೇಲೆ ನನ್ನ ಬಟ್ಟಲು ಎಳೆದುಕೊಂಡು, "ನಿನಗೇನು ಡಾಕ್ಟರ್ ಹೇಳಿಲ್ಲಲಾ," ಎಂದು ಮುಷ್ಟಿಯಿಂದ ಅದುಮಿ ತುಂಬಿಕೊಡುತ್ತಾರೆ.