ಅಂಬಾಬಾಯಿಯ ಎಂಬತ್ತೆಂಟು ಲೋಟ

ಬೆಳಗಿನ ಆರು ಗಂಟೆ. ಪುಣೆಯ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ ಇನ್ನೂ ದೀಪ ಆರಿಸಿಲ್ಲ. ಆಯಾ ಅಂಬಾಬಾಯಿ ಒಂದು ಕೈಯಲ್ಲಿ ಸ್ಟೀಲ್ ಲೋಟ, ಇನ್ನೊಂದರಲ್ಲಿ ಉಗುಳುವ ಬಟ್ಟಲು ಹಿಡಿದು ಒಂಬತ್ತನೇ ಮಂಚದ ಪಕ್ಕ ನಿಂತಿದ್ದಾರೆ. ಲೋಟದಲ್ಲಿರುವುದು ಕುದಿಸಿ ಆರಿಸಿದ ನೀರು, ಅದಕ್ಕೆ ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ.

"ಏಳ್ರಿ ಸಾವಕಾರ್ರ, ಬಾಯಿ ಮುಕ್ಕಳಿಸ್ರಿ. ನುಂಗಬ್ಯಾಡ್ರಿ ಮತ್ತ, ಇದೇನು ಪಾಯಸ ಅಲ್ಲ."

ಸಾವಕಾರರೆಂದರೆ ಶಂಕ್ರೆಪ್ಪ. ವಿಜಾಪುರ ಕಡೆಯವರು, ಪುಣೆಯ ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ಗಂಟಲಿನ ಗಡ್ಡೆಗೆ ಮೂರು ವಾರದಿಂದ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಳ್ಳುತ್ತಿದ್ದಾರೆ. ಗಡ್ಡೆ ಕರಗುತ್ತಿದೆ, ಆದರೆ ಬಾಯಲ್ಲಿ ಜೊಲ್ಲೂ ಬತ್ತಿಹೋಗಿದೆ. ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ತುತ್ತು ಮರಳಿನ ಹಾಗೆ ಬಾಯಲ್ಲೇ ಉಳಿಯುತ್ತದೆ. ತೂಕ ಇಳಿದು ಇಳಿದು ನಲವತ್ತಾರು ಕಿಲೊಗೆ ಬಂದಿದೆ. ಸೋಮವಾರ ತೂಗಿದಾಗ ಇನ್ನೂ ಇಳಿದಿದ್ದರೆ ಕರೆಂಟ್ ನಿಲ್ಲಿಸಬೇಕಾಗುತ್ತದೆ, ದೇಹ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಇವತ್ತು ಗುರುವಾರ.

ಶಂಕ್ರೆಪ್ಪ ಉಗುಳಿದ ನೀರು ಕೆಂಪಗಿದೆ. ರಕ್ತವೇ? ಅಂಬಾಬಾಯಿ ಅವರ ಬಾಯಿ ತೆರೆಸಿ ಬಗ್ಗಿ ನೋಡುತ್ತಾರೆ. ವಾಸನೆ ಬಡಿದದ್ದೇ ತಡ, ನೆಟ್ಟಗಾಗಿ ಶಂಕ್ರೆಪ್ಪನವರ ಹೆಂಡತಿ ರುದ್ರವ್ವನ ಕಡೆ ತಿರುಗುತ್ತಾರೆ.

"ಅಕ್ಕಾರ, ಎಲಿ-ಅಡಕಿ ಯಾರು ಕೊಟ್ರು?"

ರುದ್ರವ್ವ ಸೆರಗಿನ ಗಂಟು ಮುಚ್ಚಿಕೊಳ್ಳುತ್ತಾರೆ. "ಎಲಿ ಹಾಕಿದ್ರ ಬಾಯಾಗ ನೀರು ಬರ್ತಾವಂತ ನಾನ ಕೊಟ್ಟೆ. ಮೂವತ್ತು ವರ್ಷದ ಚಟ ಅದು ಇವರದು."

"ಬರ್ತಾವ್ರಿ, ಎರಡು ನಿಮಿಷ. ಆಮ್ಯಾಲ ಸುಣ್ಣ ಸುಡ್ತದ, ಮೊದಲಿಗಿಂತ ಭಾಳ ಒಣಗ್ತದ. ಒಳಗ ಪೂರಾ ಹುಣ್ಣಾಗ್ಯದ. ಹುಣ್ಣಿಗೆ ಯಾರರೆ ಸುಣ್ಣ ಸವರ್ತಾರೇನ್ರಿ?"

ರುದ್ರವ್ವ ತಂದ ಡಬ್ಬಿಯನ್ನೂ ಅಂಬಾಬಾಯಿ ಬಿಚ್ಚಿಸುತ್ತಾರೆ. ಒಣಗಿಸಿದ ಗರಿಗರಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ. "ಇದನ್ನ ನುಂಗಾಕ ನನಗ ಒಂದು ತಂಬಿಗಿ ನೀರು ಬೇಕು. ಇವರಿಗೆ ಎಲ್ಲಿಂದ ಇಳೀತದ? ನಾಳಿಂದ ಅಂಬಲಿ ತರ್ರಿ. ನೀರಾಗಿ ಕಾಸ್ರಿ, ಮಜ್ಜಿಗಿ ಹುಳಿ ಇರಬಾರ್ದು, ಖಾರ ಅಂತೂ ಮುಟ್ಟಬ್ಯಾಡ್ರಿ."

ಅಂಬಾಬಾಯಿ ಕಲಬುರ್ಗಿ ಜಿಲ್ಲೆಯವರು. ಗಂಡ ಕಾಶಪ್ಪನ ಜೊತೆ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದು ಇಟ್ಟಿಗೆ ಹೊತ್ತರು. ಸೊಂಟ ಹಿಡಿದುಕೊಂಡ ಮೇಲೆ, ೧೯೭೪ರಲ್ಲಿ ಈ ಕೆಲಸಕ್ಕೆ ಸೇರಿದರು. ಮೊದಲ ತಿಂಗಳಲ್ಲೇ ಎಡವಟ್ಟಾಯಿತು. ಆಪರೇಶನ್‌ಗೆ ಮುಂಚೆ ಏನೂ ಕುಡಿಯಬಾರದ ರೋಗಿಯೊಬ್ಬ ನೀರು ನೀರು ಎಂದು ಕೈಮುಗಿದ. ಅಂಬಾಬಾಯಿ ಅರ್ಧ ಲೋಟ ಕೊಟ್ಟೇಬಿಟ್ಟರು. ಆವತ್ತಿನ ಆಪರೇಶನ್ ರದ್ದಾಯಿತು. ಕೆಲಸ ಹೋಗುವುದೊಂದು ಬಾಕಿ. ಹಿರಿಯ ನರ್ಸ್ ಕೃಷ್ಣಾಬಾಯಿ ಬೈದು, ಆಮೇಲೆ ಕೂಡಿಸಿಕೊಂಡು, ಒದ್ದೆ ಅರಳೆಯಿಂದ ತುಟಿ, ನಾಲಿಗೆ ಒರೆಸುವುದನ್ನು ಕಲಿಸಿದರು.

"ಅವತ್ತ ತಿಳೀತ್ರಿ, ನೀರಡಿಕಿ ಬ್ಯಾರೆ, ಬಾಯಿ ಒಣಗೂದು ಬ್ಯಾರೆ. ಇದಕ್ಕ ಕೊಡ ನೀರು ಬ್ಯಾಡ, ಹನಿ ಸಾಕು. ಘಳಿಗ್ಗೊಮ್ಮೆ ಸಿಗಬೇಕು, ಅಷ್ಟ," ಎಂದು ಅಂಬಾಬಾಯಿ ಈಗಲೂ ಹೇಳುತ್ತಾರೆ.

ಈಗ ಒಂಬತ್ತು ವರ್ಷವಾಗಿದೆ. ನಸುಕಿನಲ್ಲೇ ಕೊಂಢವಾದಿಂದ ಬಸ್ಸು ಹತ್ತಿ, ಸ್ವಾರಗೇಟದಲ್ಲಿ ಇಳಿದು ನಡೆದು ಬರುತ್ತಾರೆ. ವಾರ್ಡಿನಲ್ಲಿ ಇಪ್ಪತ್ತೆರಡು ಮಂಚ. ಆರಕ್ಕೆ, ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ಸುತ್ತು. ಒಟ್ಟು ಎಂಬತ್ತೆಂಟು ಲೋಟ. ನಡುನಡುವೆ ತುಟಿಗೆ ತುಪ್ಪ ಸವರಬೇಕು, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಬೇಕು, ಬಾಯಿ ತೆರೆದು ಮಲಗುವವರನ್ನು ಹೊರಳಿಸಬೇಕು. ಹತ್ತನೇ ಮಂಚದ ಮುದುಕರಿಗೆ ಮರಾಠಿಯಲ್ಲಿ, "ಥೋಡಂ ಥೋಡಂ ಪ್ಯಾ, ಆಜೋಬಾ" ಎನ್ನುತ್ತ ಒಂದೊಂದೇ ಗುಟುಕು ಕುಡಿಸುತ್ತಾರೆ.

ಶುಕ್ರವಾರ ಅಂಬಲಿ ಬರುತ್ತದೆ. ಒಂದು ಚಮಚ, ತುಸು ಹೊತ್ತು ಬಿಟ್ಟು ಇನ್ನೊಂದು. ಅರ್ಧ ಬಟ್ಟಲು ಇಳಿಯಲು ಮುಕ್ಕಾಲು ತಾಸು. ಶಂಕ್ರೆಪ್ಪ ಗೊಗ್ಗರು ದನಿಯಲ್ಲಿ ಕೇಳುತ್ತಾರೆ, "ಜೊಲ್ಲು ಮೊದಲಿನಂಗ ಯಾವಾಗ ಬರ್ತದ?"

ಅಂಬಾಬಾಯಿ ಸುಳ್ಳು ಹೇಳುವುದಿಲ್ಲ. "ಅದು ನನ್ನ ಕೈಯಾಗ ಇಲ್ರಿ. ಬಾಯಿ ಹಸಿ ಇಡೂದು ನನ್ನ ಕೈಯಾಗ ಅದ."

ಶನಿವಾರ ಬಟ್ಟಲು ಪೂರ್ತಿ ಖಾಲಿ. ಭಾನುವಾರ ಅಂಬಾಬಾಯಿಗೆ ರಜೆ. ರುದ್ರವ್ವನಿಗೆ ಎಲ್ಲ ಹೇಳಿಕೊಟ್ಟು ಬಂದಿದ್ದರೂ ಮನೆಯಲ್ಲಿ ಎರಡು ತಾಸಿಗೊಮ್ಮೆ ಗಡಿಯಾರ ನೋಡುತ್ತಾರೆ. "ಗಡಿಯಾರಕ್ಕೂ ಬಾಯಿ ಮುಕ್ಕಳಿಸಾಕ ಹಚ್ತಿಯೇನು?" ಎಂದು ಕಾಶಪ್ಪ ಚೇಷ್ಟೆ ಮಾಡುತ್ತಾನೆ.

ಸೋಮವಾರ ಹತ್ತು ಗಂಟೆಗೆ ಶಂಕ್ರೆಪ್ಪ ತೂಕದ ಯಂತ್ರ ಹತ್ತುತ್ತಾರೆ. ರುದ್ರವ್ವ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಳ್ಳು ಅಲ್ಲಾಡಿ ಅಲ್ಲಾಡಿ ನಲವತ್ತಾರರ ಮೇಲೆ ನಿಲ್ಲುತ್ತದೆ. ಏರಿಲ್ಲ, ಇಳಿದೂ ಇಲ್ಲ. ಡಾಕ್ಟರು ಕಾಗದದ ಮೇಲೆ ಗುರುತು ಹಾಕಿ, ಕರೆಂಟ್ ಮುಂದುವರಿಯಲಿ ಎನ್ನುತ್ತಾರೆ.

ಮಂಚಕ್ಕೆ ಮರಳಿದ ಶಂಕ್ರೆಪ್ಪ ಒಂದು ಚಮಚ ಅಂಬಲಿ ಬಾಯಿಗಿಟ್ಟು ಮುಖ ಕಿವುಚುತ್ತಾರೆ. "ಏನಿದು? ಉಪ್ಪಿಲ್ಲ, ಖಾರಿಲ್ಲ, ದನಕ್ಕ ಕಲಸಿ ಇಟ್ಟಂಗ! ಮೂವತ್ತು ವರ್ಷ ಒಲಿ ಮುಂದ ಕುಂತು ಕಲ್ತದ್ದು ಇದಾ? ಈ ಅಂಬಾಬಾಯೀನೂ ನಿನ್ನ ಜೋಡಿ ಸೇರ್ಯಾಳ. ಇಬ್ಬರೂ ಕೂಡಿ ನನ್ನನ್ನ ಕೂಸು ಮಾಡೀರಿ!" ನಡುವೆ ಒಂದು ಗುಟುಕು ನೀರನ್ನೂ ಕೇಳದೆ ಬೈದು ಮುಗಿಸುತ್ತಾರೆ. ರುದ್ರವ್ವ ನಾಚಿ ಆಚೀಚೆ ನೋಡುತ್ತಾರೆ.

ಅಂಬಾಬಾಯಿ ಲೋಟ ತೊಳೆಯುತ್ತ ನಗುತ್ತಾರೆ.

"ಬೈಲಿ ಬಿಡ್ರಿ ಅಕ್ಕಾರ. ಇಷ್ಟುದ್ದ ಬೈಯಾಕ ನಾಲಿಗಿ ಹಸಿ ಇರಬೇಕು."