ದೊಡ್ಡಪ್ಪ ಹುಟ್ಟಿಸಿದ ವೈರ

ಆಗೆಲ್ಲ ಲಚ್ಯಾಣದ ಸುತ್ತಮುತ್ತ ಎಳ್ಳಮಾಸಿ ಹಬ್ಬ ಮುಗಿದು ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗತೊಡಗಿತೆಂದರೆ ಮಧ್ಯಾಹ್ನ ಯಾರ ಮನೆಯಲ್ಲೂ ಒಲೆ ಹೊತ್ತುತ್ತಿರಲಿಲ್ಲ. ಊರಿಗೆ ಊರೇ ಸೀತನಿ ತಿನ್ನಲು ಹೊಲಕ್ಕೆ ಹೋಗುತ್ತಿತ್ತು. ಸಗಣಿ ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು, ಕಂಬಳಿಯ ಮೇಲೆ ಹಾಕಿ ಬಡಿಗೆಯಿಂದ ಬಡಿದರೆ ಬಿಸಿ ಬಿಸಿ ಹಸಿರು ಕಾಳು ಉದುರುತ್ತಿದ್ದವು. ಜೊತೆಗೆ ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಬೆಲ್ಲ, ಗಟ್ಟಿ ಮೊಸರು. ಆ ವಾಸನೆ ನೆನಪಾದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಹಿಂದೆಯೇ ನಮ್ಮ ದೊಡ್ಡಪ್ಪ ನೆನಪಾಗಿ ಮೈಯೆಲ್ಲ ಉರಿಯುತ್ತದೆ.

ಅಪ್ಪನ ತಮ್ಮ ಗುರಪ್ಪ ಕಾಕಾ ಮತ್ತು ಬಾಜೂ ಹೊಲದ ಸಾಯಬಣ್ಣ ಗಳಸ್ಯ ಕಂಠಸ್ಯ ಅನ್ನುವಂಥ ಗೆಳೆಯರು. ಒಬ್ಬನ ಎತ್ತು ಕುಂಟಿದರೆ ಇನ್ನೊಬ್ಬನ ಎತ್ತು ಕೇಳದೆಯೇ ನೊಗಕ್ಕೆ ಬರುತ್ತಿತ್ತು. ಸಾಯಬಣ್ಣನ ಮಗಳು ಕಸ್ತೂರಿ ನನ್ನ ಓರಗೆಯವಳು. ಆ ವರ್ಷ ಸೀತನಿ ನಮ್ಮ ಹೊಲದಲ್ಲಿತ್ತು. ಮುಂಜಾನೆ ಕಾಕಾನೇ ಅವರ ಮನೆಗೆ ಹೋಗಿ ಸಾಯಬಣ್ಣ, ಅವನ ಹೆಂಡತಿ ನೀಲವ್ವ, ಕಸ್ತೂರಿ ಎಲ್ಲರನ್ನೂ ಕರೆತಂದಿದ್ದ.

"ನಿನ್ನ ಹೊಲದ ಸೀತನಿ ಬಾಳ ಸಪ್ಪಗ ಐತಲೇ ಗುರಪ್ಯಾ," ಎಂದು ಸಾಯಬಣ್ಣ ಬಾಯಿ ತುಂಬ ಕಾಳು ಹಾಕಿಕೊಂಡು ಛೇಡಿಸಿದ.

"ನಿನ್ನ ನಾಲಿಗೀನೇ ಕೆಟ್ಟೈತಿ," ಅಂದ ಕಾಕಾ. ಇಬ್ಬರೂ ನಗುತ್ತಿದ್ದರು.

"ನಾಲಿಗಿ ಅಲ್ಲ, ಭೂಮಿ ಕೆಟ್ಟೈತಿ. ನಿಮ್ಮಪ್ಪ ಕಟ್ಟಿ ಮ್ಯಾಲ ಮಲಗೂದು ಬಿಟ್ಟು ದುಡದಿದ್ರ ರುಚಿ ಬರ್ತಿತ್ತು."

ಕಾಕಾನ ನಗು ನಿಂತಿತು. "ನಮ್ಮಪ್ಪನ ಸುದ್ದಿಗೆ ಬರಬ್ಯಾಡ."

"ಬಂದ್ರ ಏನ್ ಮಾಡ್ತಿ?"

ತೆನೆ ಬಡಿಯುವ ಬಡಿಗೆ ಕಾಕಾನ ಕೈಯಲ್ಲೇ ಇತ್ತು. ಒಂದೇ ಏಟು, ಕಣತಲೆಗೆ ಬಿತ್ತು. ಸಾಯಬಣ್ಣ ಕೂತಲ್ಲೇ ಒರಗಿದ. ಕಾಕಾ ಬಡಿಗೆ ಎಸೆದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಏಳೋ ಸಾಯಬಣ್ಣ, ಏಳೋ ನಮ್ಮಪ್ಪಾ" ಎಂದು ಗೋಳಾಡತೊಡಗಿದ. ನನಗೂ ಕಸ್ತೂರಿಗೂ ಬಾಯಲ್ಲಿದ್ದ ಕಾಳು ನುಂಗಲಾಗಲಿಲ್ಲ. ಬಂಡಿ ಹೂಡಿ ಇಂಡಿಯ ದವಾಖಾನೆಗೆ ಒಯ್ಯುವಷ್ಟರಲ್ಲಿ ಅವನ ಜೀವ ಹೋಗಿತ್ತು.

ನಡೆದದ್ದು ಇಷ್ಟೇ. ಇದನ್ನು ಇದ್ದ ಹಾಗೆ ಹೇಳಲು ಏನು ಧಾಡಿಯಾಗಿತ್ತು? ದೊಡ್ಡಪ್ಪ ಅವತ್ತು ಹೊಲದಲ್ಲಿ ಇರಲೇ ಇಲ್ಲ, ಸಿಂದಗಿಯ ಸಂತೆಗೆ ಹೋಗಿದ್ದ. ಆದರೆ ಫೌಜದಾರರು ಬಂದಾಗ ತಲೆಗೆ ಪಟಕಾ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ನಿಂತವನು ಈ ಮಹಾನುಭಾವ.

"ನಮಗೂ ಅವರಿಗೂ ಹಳೇ ವೈರ ಐತ್ರಿ ಸಾಹೇಬ್ರ. ಬದುವಿನ ತಂಟೆ. ನಮ್ಮ ಮುತ್ತ್ಯಾನ ಕಾಲದಿಂದ ನಡದೈತಿ."

ಅವನು ಒಳಗೆ ಬಂದ ಕೂಡಲೇ ಅಪ್ಪನ ತಾಯಿ, ನಮ್ಮ ಆಯಿ, ತರಾಟೆಗೆ ತೆಗೆದುಕೊಂಡಳು. "ಯಾವ ಬದುವೋ? ಯಾವ ತಂಟೆ? ನನಗ ಗೊತ್ತಿಲ್ಲದ್ದು ನಿನಗ್ಯಾರು ಹೇಳಿದ್ರು?"

"ನೀ ಸುಮ್ಮನಿರಬೇ. ಸೀತನಿ ಸಪ್ಪಗ ಐತಿ ಅಂದಿದ್ದಕ್ಕ ಜೀವಾ ತಗದ ಅಂದ್ರ ಮಂದಿ ನಗೂದಿಲ್ಲೇನು? ಮನಿ ಮರ್ಯಾದಿ ಏನಾಗಬೇಕು? ವೈರಿನ್ನ ಹೊಡದ ಅಂದ್ರ ಅದೊಂದು ಗಂಡಸ್ತನ."

"ದೊಡ್ಡಪ್ಪ, ನಾ ಅಲ್ಲೇ ಇದ್ನಿ, ವೈರಾ ಏನೂ ಇರಲಿಲ್ಲ," ಎಂದು ನಾನು ಬಾಯಿ ಹಾಕಿದರೆ "ಏ, ಹೋಗಿ ಮುಸುರಿ ತಿಕ್ಕ ಹೋಗು" ಎಂದು ಗದರಿದ.

ಕೋರ್ಟಿನಲ್ಲೂ ದೊಡ್ಡಪ್ಪ ಅದನ್ನೇ ಹೇಳಿದ. ಹಾಳಾಗಿ ಹೋಗಲಿ ಅಂದರೆ ಕಾಕಾನೂ ತಲೆ ತಗ್ಗಿಸಿ ಹೂಂಗುಟ್ಟಿದ. ಗೆಳೆಯನನ್ನು ಕೊಂದೆ ಅನ್ನುವುದಕ್ಕಿಂತ ವೈರಿಯನ್ನು ಕೊಂದೆ ಅನ್ನುವುದು ಅವನಿಗೂ ಸುಲಭವಾಯಿತೋ ಏನೋ. ಹಳೆಯ ವೈರ ಇಟ್ಟುಕೊಂಡು, ಊಟಕ್ಕೆಂದು ಕರೆದೊಯ್ದು ಬೇಕೆಂದೇ ಕೊಂದ ಎಂದು ವಿಜಾಪುರದ ಕೋರ್ಟು ಜನ್ಮಠೇಪ, ಅಂದರೆ ಜೀವಾವಧಿ ಶಿಕ್ಷೆ, ಕೊಟ್ಟಿತು. ಪ್ರೀತಿಯಿಂದ ಕರೆದದ್ದೇ ಸಂಚು ಅನ್ನಿಸಿಕೊಂಡಿತು. ಆಯಿ ಊಟ ಬಿಟ್ಟಳು. "ನಾ ಸಾಯೂದ್ರೊಳಗ ನನ್ನ ಮಗ ಈ ಹೊಸ್ತಿಲಾ ದಾಟಿ ಒಳಗ ಬರಬೇಕು," ಅನ್ನುವುದೊಂದೇ ಅವಳ ಜಪವಾಯಿತು.

ಬೆಂಗಳೂರಿನ ದೊಡ್ಡ ಕೋರ್ಟಿಗೆ ಅಪೀಲು ಹೋಗುವುದೆಂದಾಯಿತು. ವಿಜಾಪುರದ ವಕೀಲರನ್ನು ಕಾಣಲು ದೊಡ್ಡಪ್ಪನ ಜೊತೆ ಲಚ್ಯಾಣದಲ್ಲಿ ರೈಲು ಹತ್ತಿದೆವು. ಆಯಿಗೆ ಕಣ್ಣು ಮಂಜು, ಕೈ ಹಿಡಿದು ನಡೆಸಲು ನಾನು. ವಕೀಲರು ಕಾಗದ ತಿರುವುತ್ತ ಹೇಳಿದರು:

"ಜಗಳ ಅಲ್ಲೇ ಹುಟ್ಟಿ, ಅಲ್ಲೇ ಸಿಟ್ಟು ಬಂದು ಹೊಡದದ್ದು ಅಂದ್ರ ಶಿಕ್ಷಾ ಕಡಿಮಿ ಆಗತೈತ್ರಿ. ಆದ್ರ ಈಗ ಹೊಸಾ ಸಾಕ್ಷಿ ನಡ್ಯೂದಿಲ್ಲ. ಹಿಂದ ಹೇಳಿದ್ದರಾಗೇ ಹುಡುಕಬೇಕು. ಸತ್ತಾವನ ಹೇಣ್ತಿ ಏನ್ ಹೇಳ್ಯಾಳ ಕೇಳ್ರಿ. 'ವೈರ ಇರಲಿಲ್ಲ. ಅಣ್ಣತಮ್ಮರಂಗ ಇದ್ರು. ಮಾತಿಗೆ ಮಾತು ಬೆಳದು ಹೊಡದ. ಹೊಡದಾಂವ ತಾನೇ ಅತ್ತ.' ಇಷ್ಟ ಹೇಳ್ಯಾಳ ಆ ತಾಯಿ." ಅವರು ದೊಡ್ಡಪ್ಪನ ಕಡೆ ತಿರುಗಿದರು. "ಕೊಂದಾವನ ಮನಿಯವರು ನೀವು ವೈರ ಇತ್ತಂತೀರಿ, ಸತ್ತಾವನ ಹೇಣ್ತಿ ಇರಲಿಲ್ಲ ಅಂತಾಳ. ಖರೇ ಹೇಳ್ರಿ, ನಾ ಯಾರ ಕಡೆ ವಕೀಲ?"

"ಆಕಿ ಹೆಂಗಸ್ರಿ, ಆಕಿಗೇನ್ ತಿಳೀತೈತಿ," ಅಂದ ದೊಡ್ಡಪ್ಪ.

ವಕೀಲರು ಚಸ್ಮಾ ತೆಗೆದು ಟೇಬಲ್ಲಿನ ಮೇಲೆ ಒಗೆದರು. ಆಯಿ ಹಣೆ ಹಣೆ ಬಡಿದುಕೊಂಡಳು.

ನೀಲವ್ವನ ಮಾತನ್ನು ದೊಡ್ಡ ಕೋರ್ಟು ನಂಬಿತು. ಜನ್ಮಠೇಪ ಹೋಗಿ ಏಳು ವರ್ಷದ ಸಜಾ ಆಯಿತು. ದೊಡ್ಡಪ್ಪ ಊರಿಗೆಲ್ಲ ಪೇಢೆ ಹಂಚಿ "ನಾ ಗಟ್ಟಿಯಾಗಿ ನಿಂತಿದ್ದಕ್ಕ ಆತ್ ನೋಡ್ರಿ" ಎಂದು ಮೀಸೆ ತಿರುವಿದ. ಇಂಥವನಿಗೆ ಏನು ಹೇಳುತ್ತೀರಿ? ಅಷ್ಟರಲ್ಲಿ ನೀಲವ್ವ ಕಸ್ತೂರಿಯನ್ನು ಕರೆದುಕೊಂಡು ತವರುಮನೆ ಯಂಕಂಚಿಗೆ ಹೋಗಿಬಿಟ್ಟಿದ್ದಳು. ಹೋಗಿ ಅವಳ ಕಾಲು ಹಿಡಿದು ಬರುತ್ತೇನೆಂದು ಆಯಿ ಹಟ ಹಿಡಿದಳು. "ವೈರಿಗಳ ಬಾಗಲಾ ತುಳೀತಿಯೇನು?" ಎಂದು ದೊಡ್ಡಪ್ಪ ಬಂಡಿ ಹೂಡಗೊಡಲಿಲ್ಲ.

ಕಾಕಾ ಬಿಡುಗಡೆಯಾಗಿ ಬಂದಾಗ ಆಯಿ ಇನ್ನೂ ಇದ್ದಳು. ಊಟಕ್ಕೆ ಕೂರಿಸಿ, ಮುಖ ಸವರಿ, ತಡೆಯಲಾರದೆ ಕೇಳಿಯೇಬಿಟ್ಟಳು. "ಸಾಯಬಣ್ಣನ್ನ ಯಾಕ ಹೊಡದ್ಯೋ ನನ್ನ ಮಗನ?"

"ಹಳೇ ವೈರ ಇತ್ತಲ್ಲಬೇ," ಅಂದ ಕಾಕಾ, ತಟ್ಟೆಯಿಂದ ಮುಖ ಎತ್ತದೆ.

ಆಯಿ ಬಡಿಸಿ, ಒಳಗೆ ಹೋಗಿ ಮಲಗಿಕೊಂಡಳು.

ಈಗ ಅವರ್ಯಾರೂ ಇಲ್ಲ. ಕಸ್ತೂರಿಯ ಮಗ ಊರಿಗೆ ಬಂದು ಅಜ್ಜನ ಹೊಲ ಮಾಡುತ್ತಿದ್ದಾನೆ. ಅವನೂ ನಮ್ಮ ಮನೆಯ ಹುಡುಗರೂ ಎದುರಾದರೆ ಮುಖ ತಿರುಗಿಸುತ್ತಾರೆ. ಯಾರ ತಲೆಯಲ್ಲೂ ಇರದಿದ್ದ ಆ ಬದುವಿಗಾಗಿ ಈಗ ನಿಜವಾಗಿಯೂ ಕೋರ್ಟಿನಲ್ಲಿ ಖಟ್ಲೆ ನಡೆದಿದೆ. ಕೂಡಿ ಉಣ್ಣುತ್ತಿದ್ದ ಮನೆಗಳು ಇವು ಅಂದರೆ ಹುಡುಗರು ನನ್ನನ್ನು ಅರಳುಮರುಳು ಮುದುಕಿ ಎಂಬಂತೆ ನೋಡುತ್ತಾರೆ.

ಹೋದ ವರ್ಷ ಬಸವನ ಬಾಗೇವಾಡಿಯಲ್ಲಿ ಒಂದು ಮದುವೆಯಲ್ಲಿ ಕಸ್ತೂರಿ ಸಿಕ್ಕಳು. ತಲೆ ಪೂರಾ ಬೆಳ್ಳಗಾಗಿತ್ತು. ತಬ್ಬಿಕೊಂಡು ಇಬ್ಬರೂ ಅತ್ತೆವು. ಆಮೇಲೆ ಅವಳು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಒಂದು ಮಾತ ಖರೇ ಹೇಳ್ತಿಯೇನು? ಕೋರ್ಟಿನ್ಯಾಗ ಹಂಗ ಹೇಳಾಕ ನಮ್ಮವ್ವ ನಿಮ್ಮವರ ಕಡೆಯಿಂದ ಏನರ ಇಸಗೊಂಡಿದ್ಲೇನು? ನನ್ನ ಮಗ ಹಂಗಂತಾನ."

ನಾನು ಅವಳ ರಟ್ಟೆ ಹಿಡಿದೆ. "ಕಸ್ತೂರಿ! ನಿನಗೇನ್ ಬುದ್ಧಿಗಿದ್ಧಿ ಐತೇನು? ಅವತ್ತ ನೀನೂ ನನ್ನ ಬಾಜೂಕ ಕುಂತಿದ್ದಿ!"

"ಕುಂತಿದ್ನೆವಾ," ಅಂದಳು ಅವಳು. "ಆದ್ರ ಎಲ್ಲಾರೂ ವೈರ ಇತ್ತು ಅಂತಾರಲ್ಲ."

ಆ ದಿನ ಹೊಲದಲ್ಲಿದ್ದವರಲ್ಲಿ ಇನ್ನೂ ಬದುಕಿರುವವರು ನಾವಿಬ್ಬರೇ.